ಮಗಳು ಸೋತರೆ ನನಗೇ ಯಾಕೆ ಇಷ್ಟು ಸಂಕಟ?

ಗ್ಯಾಲರಿ ಮೂಲೆ
ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರ ಹೇಳಿಕೊಳ್ಳಬೇಕು ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮಗಳಿಗೆ 11 ವರ್ಷ. ಎಂಟನೇ ವಯಸ್ಸಿನಿಂದ ಬ್ಯಾಡ್ಮಿಂಟನ್ ಆಡುತ್ತಿದ್ದಾಳೆ. ಚೆನ್ನಾಗಿ ಆಡುತ್ತಾಳೆ, ಅದ್ಭುತ ಅಂತೇನಲ್ಲ. ಮೊದಲೆಲ್ಲ ಅವಳ ಆಟ ಮುಗಿಯುವ ತನಕ ನಾನು ಪೇಪರ್ ಓದಿಕೊಂಡು ಹೊರಗೆ ಕೂತಿರುತ್ತಿದ್ದೆ. ಯಾವಾಗ ಬದಲಾದೆನೋ ತಿಳಿಯದು. ಈಗ ಮ್ಯಾಚ್ ಇದೆ ಅಂದರೆ ಹಿಂದಿನ ರಾತ್ರಿ ನನಗೆ ನಿದ್ದೆ ಇಲ್ಲ. ಡ್ರಾ ಪಟ್ಟಿ ಬಂದ ಕೂಡಲೇ ಎದುರಾಳಿ ಯಾರು, ಅವಳು ಹಿಂದೆ ಯಾರ ಹತ್ತಿರ ಸೋತಿದ್ದಳು ಅಂತ ಹುಡುಕುತ್ತೇನೆ. ಆಟ ನಡೆಯುವಾಗ ಅಂಗೈ ಬೆವರುತ್ತದೆ. ಮಗಳು ನೆಟ್‌ಗೆ ಹೊಡೆದರೆ ಬಾಯಿಂದ 'ಛೆ' ಬಂದೇ ಬರುತ್ತದೆ.

ಹೋದ ಭಾನುವಾರ ಎರಡನೇ ರೌಂಡ್‌ನಲ್ಲಿ ಸೋತಳು. ಗೆಲ್ಲಬಹುದಾಗಿದ್ದ ಮ್ಯಾಚ್. ವಾಪಸ್ ಬರುವಾಗ ಕಾರಿನಲ್ಲಿ ನಾನು ಒಂದು ಮಾತೂ ಬೈಯಲಿಲ್ಲ. ಬೈಯಬಾರದು ಅಂತಲೇ ಬಾಯಿ ಬಿಗಿ ಹಿಡಿದು ಕೂತಿದ್ದೆ. ಸುಮಾರು ಹೊತ್ತಾದ ಮೇಲೆ ಹಿಂದಿನ ಸೀಟಿನಿಂದ 'ಸಾರಿ ಅಪ್ಪಾ' ಅಂದಳು. 'ಯಾಕಮ್ಮಾ?' ಅಂದೆ. 'ನಿನಗೆ ಬೇಜಾರಾಯ್ತಲ್ಲ' ಅಂದಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮ್ಯಾಚಿನ ವಿಡಿಯೊ ಹಾಕಿಕೊಂಡೆ. ಎಲ್ಲಿ ತಪ್ಪಿತು ಅಂತ ನೋಡೋಕೆ ಕೂತವನಿಗೆ ಕಂಡದ್ದೇ ಬೇರೆ. ಪಾಯಿಂಟ್ ಹೋದಾಗಲೆಲ್ಲ ಅವಳು ಶಟಲ್ ಎತ್ತಿಕೊಳ್ಳುವ ಮೊದಲು ಕತ್ತೆತ್ತಿ ಕ್ಯಾಮೆರಾ ಕಡೆ ನೋಡುತ್ತಾಳೆ. ಅಂದರೆ ನನ್ನ ಕಡೆ. ಪಾಯಿಂಟ್ ಬಂದಾಗಲೂ ಅಷ್ಟೇ. ಅರ್ಧ ಸೆಕೆಂಡ್ ಇರಬಹುದು, ಆದರೆ ಒಂದು ಸಲವೂ ಬಿಟ್ಟಿಲ್ಲ. ಎದುರಿಗಿರುವ ಹುಡುಗಿಯನ್ನು ನೋಡಿದ್ದಕ್ಕಿಂತ ಜಾಸ್ತಿ ನನ್ನ ಮುಖ ನೋಡಿದ್ದಾಳೆ.

ನಾನು ಕಿರುಚುವ ಅಪ್ಪ ಅಲ್ಲ, ಹೊಡೆಯುವ ಅಪ್ಪ ಅಲ್ಲ. ಆದರೂ ಏನೋ ಕೆಡುತ್ತಿದೆ ಅಂತ ಗೊತ್ತಾಗುತ್ತಿದೆ. ಇದರಿಂದ ಹೊರಗೆ ಬಂದವರು ಯಾರಾದರೂ ಇದ್ದೀರಾ? ಮ್ಯಾಚಿಗೆ ಹೋಗುವುದನ್ನೇ ನಿಲ್ಲಿಸಲಾ?

ಸಂಜೆ ಓಟ
'ನಿನಗೆ ಬೇಜಾರಾಯ್ತಲ್ಲ' ಓದಿ ಗಂಟಲು ಕಟ್ಟಿತು ಸರ್.

ಅಮ್ಮನೇ ಡ್ರೈವರ್
ಇದು ನಮ್ಮನೆ ಕಥೆನೇ. ನನ್ನ ಮಗ ಫುಟ್‌ಬಾಲ್. ಗೋಲ್‌ಕೀಪರ್ ಬೇರೆ. ಗೋಲ್ ಹೋದರೆ ಎಲ್ಲರ ಕಣ್ಣೂ ಅವನ ಮೇಲೆ, ಆಗ ನನ್ನ ಹೊಟ್ಟೆಯಲ್ಲಿ ಆಗುವ ಸಂಕಟ ಹೇಳತೀರದು. ಒಂದು ಸಲ ಗೋಲ್ ಬಿಟ್ಟಾಗ ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಮನೆಗೆ ಬಂದ ಮೇಲೆ ಅವನು ಕೇಳಿದ್ದು, 'ಅಮ್ಮಾ, ನಿಂಗೆ ನಾಚಿಕೆ ಆಯ್ತಾ?'

ಆಗಿದ್ದು ನಾಚಿಕೆ ಅಲ್ಲವೇ ಅಲ್ಲ, ಅವನಿಗೆ ನೋವಾಗುತ್ತದಲ್ಲ ಅಂತ. ಆದರೆ ಮಕ್ಕಳಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು ಹೇಳಿ? ಅವರಿಗೆ ಕಾಣುವುದು ಮುಖ ಮುಚ್ಚಿಕೊಂಡ ಅಮ್ಮ ಅಷ್ಟೇ.

ಹಳೇ ಕೋಚ್
ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬ್ಯಾಡ್ಮಿಂಟನ್ ಹೇಳಿಕೊಡುತ್ತಿದ್ದೇನೆ. ನೀವು ವಿಡಿಯೊದಲ್ಲಿ ಕಂಡದ್ದನ್ನು ನಾನು ದಿನಾ ಕಣ್ಣಾರೆ ನೋಡುತ್ತೇನೆ. ಗೇಮ್ ಮಧ್ಯದ ಬ್ರೇಕ್ ಇರುವುದು ಬರೀ 60 ಸೆಕೆಂಡ್. ನಾನು ಏನೋ ಮುಖ್ಯವಾದ ವಿಷಯ ಹೇಳುತ್ತಿರುತ್ತೇನೆ, ಮಗು ತಲೆ ಆಡಿಸುತ್ತಿರುತ್ತದೆ, ಕಣ್ಣು ಮಾತ್ರ ನನ್ನ ಭುಜದ ಮೇಲಿಂದ ಗ್ಯಾಲರಿ ಕಡೆ. ಆ 60 ಸೆಕೆಂಡ್ ಹೋಯಿತು ಅಂತಲೇ ಲೆಕ್ಕ.

ಕಿರುಚುವವರಿಗಿಂತ ನಿಮ್ಮಂಥ ಸುಮ್ಮನಿರುವವರು ಕಷ್ಟ ಸರ್. ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕಿರುಚುವವರಿಗೆ ಹೊರಗೆ ನಿಲ್ಲಿ ಅನ್ನಬಹುದು. ಬಿಗಿದ ಮುಖಕ್ಕೆ ಏನು ಹೇಳಲಿ?

ಹೋಗುವುದನ್ನು ನಿಲ್ಲಿಸಬೇಡಿ. ಅದನ್ನೂ ಮಗು ಶಿಕ್ಷೆ ಅಂತಲೇ ಓದಿಕೊಳ್ಳುತ್ತದೆ. ಮೊದಲು ಇಷ್ಟು ಮಾಡಿ. ಕಿಟ್ ಬ್ಯಾಗ್ ಅವಳೇ ಹೊರಲಿ. ಬೆಳಗ್ಗೆ ಅಲಾರಂ ಅವಳೇ ಇಟ್ಟುಕೊಳ್ಳಲಿ, ನೀವು ಎಬ್ಬಿಸಬೇಡಿ. ಏಳದಿದ್ದರೆ ಅವತ್ತು ಅಭ್ಯಾಸ ಇಲ್ಲ, ಅದರ ಬಗ್ಗೆ ಮನೆಯಲ್ಲಿ ಮಾತೂ ಬೇಡ. ನನಗೆ ಏನು ಅರ್ಥವಾಗಿದೆ ಅಂದರೆ, ಬ್ಯಾಗ್ ಅಪ್ಪ ಹೊರುತ್ತಿದ್ದರೆ ಆಟವೂ ಅಪ್ಪನದೇ ಆಗಿರುತ್ತದೆ.

ಗ್ಯಾಲರಿ ಮೂಲೆ
ಬ್ಯಾಗ್ ನಾನೇ ಹೊರುತ್ತೇನೆ ಸರ್. ಗ್ರಿಪ್ ಸುತ್ತುವುದೂ ನಾನೇ, ನೀರಿನ ಬಾಟಲಿ ತುಂಬುವುದೂ ನಾನೇ. ಅಲಾರಂ ನನ್ನ ಫೋನಿನಲ್ಲೇ ಇದೆ. ನೀವು ಹೇಳುವ ತನಕ ಇದೂ ಒಂದು ವಿಷಯ ಅಂತ ಹೊಳೆದಿರಲಿಲ್ಲ.

ಗುರಿ ಒಂದೇ
ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ, ನಾನು ಬೇರೆ ಹೇಳುತ್ತೇನೆ. ಅಪ್ಪ ಅಮ್ಮ ತಲೆ ಕೆಡಿಸಿಕೊಳ್ಳದೆ ಯಾವ ಮಗು ಮೇಲೆ ಬಂದಿದೆ? ಮಹಾವೀರ್ ಫೋಗಟ್ ಹಟ ಹಿಡಿಯದಿದ್ದರೆ ಮಗಳು ಗೀತಾ ಕುಸ್ತಿಯಲ್ಲಿ 2010ರ ಕಾಮನ್‌ವೆಲ್ತ್ ಚಿನ್ನ ತರುತ್ತಿದ್ದರಾ? ಟೆನಿಸ್‌ನ ವೀನಸ್, ಸೆರೆನಾ ಹುಟ್ಟುವ ಮೊದಲೇ ಅವರಪ್ಪ ರಿಚರ್ಡ್ ವಿಲಿಯಮ್ಸ್ ಪ್ಲಾನ್ ಬರೆದಿಟ್ಟಿದ್ದರು. ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ ಅಪ್ಪ ಸ್ವತಃ ಒಲಿಂಪಿಕ್ ಬಾಕ್ಸರ್, ಮಗನ ಮುಂದೆ ಚೆಂಡು ಎಸೆಯುವ ಮೆಷಿನ್ ಇಟ್ಟು ದಿನಾ ಆಡಿಸಿದರು. ಮಗ 8 ಗ್ರ್ಯಾಂಡ್‌ಸ್ಲಾಮ್ ಗೆದ್ದ.

ಮಗು ತಾನಾಗೇ ನಾಲ್ಕೂವರೆಗೆ ಎದ್ದು ಹೋಗುತ್ತದಾ? ಯಾರಾದರೂ ಒಬ್ಬರು ಹಿಂದೆ ನಿಲ್ಲಲೇಬೇಕು. ನಿಮ್ಮ ಬೆವರಿದ ಅಂಗೈಗೆ ನಾಚಿಕೆಪಡಬೇಡಿ.

ಅಂಕಿಅಂಶ
@ಗುರಿ ಒಂದೇ, ನೀವು ಕೊಟ್ಟ ಉದಾಹರಣೆಗಳಲ್ಲೇ ಎರಡು ನಿಮ್ಮ ವಾದಕ್ಕೆ ಉಲ್ಟಾ ಹೊಡೆಯುತ್ತವೆ.

ಅಗಾಸಿ 2009ರಲ್ಲಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದು ಟೆನಿಸ್ ಅಂದರೆ ತಮಗೆ ದ್ವೇಷ ಅಂತ. ಆ ಮೆಷಿನ್‌ಗೆ ಅವರು 'ಡ್ರ್ಯಾಗನ್' ಅಂತಲೇ ಹೆಸರಿಟ್ಟಿದ್ದರು. ಎಂಟು ಗ್ರ್ಯಾಂಡ್‌ಸ್ಲಾಮ್ ಗೆದ್ದವನು ತಾನು ಮಾಡುವ ಕೆಲಸವನ್ನೇ ದ್ವೇಷಿಸಿಕೊಂಡು ಬದುಕಿದ್ದ ಅಂದರೆ ಯೋಚನೆ ಮಾಡಿ.

ರಿಚರ್ಡ್ ವಿಲಿಯಮ್ಸ್ ಪ್ಲಾನ್ ಬರೆದದ್ದು ನಿಜ. ಆದರೆ ಅದೇ ಮನುಷ್ಯ 1990ರ ದಶಕದ ಶುರುವಿನಲ್ಲಿ, ಮಕ್ಕಳು ಗೆಲ್ಲುತ್ತಿದ್ದಾಗಲೇ, ಜೂನಿಯರ್ ಟೂರ್ನಮೆಂಟ್‌ಗಳಿಂದ ಅವರನ್ನು ಹೊರಗೆ ತಂದುಬಿಟ್ಟರು. ಎಲ್ಲರೂ ಆಗ ಬೈದರು. ನಮ್ಮಲ್ಲಿ ಎಷ್ಟು ಜನಕ್ಕೆ ಆ ಧೈರ್ಯ ಇದೆ? ಗೆಲ್ಲುವ ಮಗುವನ್ನು ಟೂರ್ನಮೆಂಟ್ ಬಿಡಿಸುವುದು?

ಇನ್ನೊಂದು. ಹೆಸರು ಹೇಳೋಕೆ ಸಿಗುವುದು ಗೆದ್ದವರು ಮಾತ್ರ. ಅದೇ ರೀತಿ ಆಡಿಸಿ 15ಕ್ಕೆ ಆಟ ಬಿಟ್ಟ ಮಕ್ಕಳ ಹೆಸರು ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ.

ಗುರಿ ಒಂದೇ
ದ್ವೇಷ ಅಂದರೂ 36 ವರ್ಷ ವಯಸ್ಸಿನ ತನಕ ಆಡಿದರಲ್ಲ ಅಗಾಸಿ. ಪೂರ್ತಿ ದ್ವೇಷ ಇದ್ದರೆ ಆಗುತ್ತಿತ್ತಾ? ಮನುಷ್ಯರ ಮನಸ್ಸು ಅಷ್ಟು ಸರಳ ಅಲ್ಲ ಅಂತ ನನ್ನ ಅಭಿಪ್ರಾಯ.

ಅಂಕಿಅಂಶ
ಅದು ಒಪ್ಪುತ್ತೇನೆ. ಆದರೆ ಟೆನಿಸ್ ಆಟಗಾರ್ತಿ ಯೆಲೆನಾ ಡೊಕಿಚ್ ಕಥೆಯನ್ನೂ ಸೇರಿಸಿಕೊಳ್ಳಿ. 1999ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ 16ರ ಹುಡುಗಿ, ಆಗ ನಂಬರ್ ಒನ್ ಆಗಿದ್ದ ಮಾರ್ಟಿನಾ ಹಿಂಗಿಸ್‌ರನ್ನು 6-2, 6-0ರಲ್ಲಿ ಸೋಲಿಸಿದಳು. ಜಗತ್ತೇ ಚಪ್ಪಾಳೆ ಹೊಡೆಯಿತು. ಅಪ್ಪ ತನ್ನನ್ನು ಹೊಡೆಯುತ್ತಿದ್ದ ಅಂತ ಅವರು ಪುಸ್ತಕದಲ್ಲಿ ಪೂರ್ತಿ ಹೇಳಿಕೊಂಡದ್ದು 2017ರಲ್ಲಿ. ಅಷ್ಟು ವರ್ಷ ಕಪ್ಪು ಚುಕ್ಕೆ ಕಾಣದ ಹಾಗೆ ನಾವೆಲ್ಲ 'ಎಷ್ಟು ಶಿಸ್ತಿನ ಅಪ್ಪ' ಅಂದುಕೊಂಡಿದ್ದೆವು.

ಬೆಳ್ಳಂಬೆಳಗ್ಗೆ
ಶಿಸ್ತಿನ ಅಪ್ಪ ಅಂತ ಯಾರೂ ಅಂದುಕೊಂಡಿರಲಿಲ್ಲ ಸರ್. ಅವರನ್ನು 2000ದಲ್ಲೇ ಯುಎಸ್ ಓಪನ್‌ನಿಂದ ಹೊರಗೆ ಹಾಕಿದ್ದರು, ಪೇಪರಿನಲ್ಲೆಲ್ಲ ಬಂದಿತ್ತು. ಇನ್ನೊಬ್ಬ ಆಟಗಾರ್ತಿ ಮೇರಿ ಪಿಯರ್ಸ್ ಅವರ ಅಪ್ಪನನ್ನೂ 1993ರಲ್ಲಿ ಮಹಿಳಾ ಟೆನಿಸ್ ಟೂರ್ನಮೆಂಟ್‌ಗಳಿಗೆ ಬರದಂತೆ ನಿಷೇಧಿಸಿದ್ದರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಆಟ ನಡೆಯಿತು, ಅದೇ ನನಗೆ ಜಾಸ್ತಿ ಸಿಟ್ಟು ತರಿಸುವುದು.

ಅಂಕಿಅಂಶ
ಹೌದು, ನೀವು ಹೇಳಿದ್ದೇ ಸರಿ. ನಾನು ಅವಸರದಲ್ಲಿ ಬರೆದೆ.

ನೀರಿನ ಮೀನು
ನಾನು ಮಗುವಿನ ಕಡೆಯಿಂದ ಬರೆಯುತ್ತೇನೆ. ಈಗ ನನಗೆ 38.

ಏಳು ವರ್ಷಕ್ಕೆ ಈಜು ಶುರು, ಹದಿನಾರಕ್ಕೆ ಬಿಟ್ಟೆ. ನನ್ನ ಅಪ್ಪ ಯಾವತ್ತೂ ಕೈ ಎತ್ತಿದವರಲ್ಲ, ಗದರಿದ್ದೂ ನೆನಪಿಲ್ಲ. ಅವರ ಹತ್ತಿರ ಒಂದು ಸ್ಟಾಪ್‌ವಾಚ್ ಇತ್ತು, ಹಳದಿ ದಾರ, ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು. ನಾನು ಗೋಡೆ ಮುಟ್ಟಿದ ಕೂಡಲೇ 'ಟಕ್' ಅಂತ ಒತ್ತುತ್ತಿದ್ದರು. ಕಿವಿಯಲ್ಲಿ ನೀರು ತುಂಬಿದ್ದರೂ ಆ ಟಕ್ ನನಗೆ ಕೇಳುತ್ತಿತ್ತು ಅಂತ ಇವತ್ತಿಗೂ ಅನಿಸುತ್ತದೆ. ಆಮೇಲೆ ಕನ್ನಡಕ ತೆಗೆದು ಅವರ ಮುಖ ನೋಡುತ್ತಿದ್ದೆ. ಹುಬ್ಬು ಮೇಲೆ ಹೋದರೆ ಒಳ್ಳೆಯ ಟೈಮ್. ಹುಬ್ಬು ಹಾಗೇ ಇದ್ದರೆ ಇಲ್ಲ. ನನ್ನ ಇಡೀ ದಿನ ಹೇಗಿರುತ್ತದೆ ಅನ್ನುವುದು ಆ ಹುಬ್ಬಿನ ಮೇಲಿತ್ತು.

14ರಲ್ಲಿ ಮೈ ಬದಲಾಯಿತು, ಟೈಮ್ ನಿಂತುಹೋಯಿತು. ಎರಡು ವರ್ಷ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 31.4 ಅನ್ನು ದಾಟೋಕೆ ಆಗಲಿಲ್ಲ. ಬಿಡುತ್ತೇನೆ ಅಂದ ದಿನ ಅಪ್ಪ 'ಸರಿ' ಅಂದರು ಅಷ್ಟೇ. ಆಮೇಲೆ ಅವರೂ ನಾನೂ ಏನು ಮಾತಾಡಬೇಕು ಅಂತಲೇ ಗೊತ್ತಾಗಲಿಲ್ಲ. ಒಂಬತ್ತು ವರ್ಷ ನಾವು ಮಾತಾಡಿದ್ದೆಲ್ಲ ಈಜಿನದೇ. ಅದು ಹೋದ ಮೇಲೆ ಮಾತೇ ಉಳಿಯಲಿಲ್ಲ.

ಅವರು ಹೋದ ಮೇಲೆ ಬೀರುವಿನಲ್ಲಿ ನಾಲ್ಕು ನೋಟ್‌ಬುಕ್ ಸಿಕ್ಕವು. ಪ್ರತಿ ದಿನದ ಟೈಮ್, ತಾರೀಖಿನ ಸಮೇತ, ಚೊಕ್ಕ ಅಕ್ಷರದಲ್ಲಿ. ಚಳಿ ಇದ್ದ ದಿನ 'ನೀರು ತಣ್ಣಗೆ, ಪಾಪ' ಅಂತ ಪಕ್ಕದಲ್ಲಿ ಬರೆದಿದ್ದರು. ಆ 'ಪಾಪ' ನೋಡಿ ನಾನು ನೆಲದ ಮೇಲೆ ಕೂತು ಅತ್ತೆ. ಆ ಮಾತನ್ನು ಅವರು ಬಾಯಿಬಿಟ್ಟು ಒಂದು ಸಲವೂ ಹೇಳಿರಲಿಲ್ಲ.

@ಗ್ಯಾಲರಿ ಮೂಲೆ, ನಿಮ್ಮ ಮಗಳು ನಿಮ್ಮ ಮುಖ ನೋಡುವುದು ತಪ್ಪಲ್ಲ. ನೋಡಿದಾಗ ಅಲ್ಲಿ ಅವಳಿಗೆ ಸ್ಕೋರ್ ಕಾಣಬಾರದು ಅಷ್ಟೇ.

ಸಂಜೆ ಓಟ
ಅಕ್ಕಾ, ಏನು ಹೇಳಲಿ. ನಮ್ಮಪ್ಪನಿಗೆ ಈಗಲೇ ಫೋನ್ ಮಾಡುತ್ತೇನೆ.

ಗ್ಯಾಲರಿ ಮೂಲೆ
ಮೇಡಂ, ನಿಮ್ಮ ಮಾತನ್ನು ಹೆಂಡತಿಗೂ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ಸೀಟಿ
ನನಗೆ 20. ವಾರಾಂತ್ಯದಲ್ಲಿ ಅಂಡರ್-12 ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ ಆಗಿ ಹೋಗುತ್ತೇನೆ. ಮಕ್ಕಳಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಆಫ್‌ಸೈಡ್ ಅಂದರೆ ಸರಿ ಅಂತ ವಾಪಸ್ ಓಡುತ್ತಾರೆ. ಗೆರೆಯಾಚೆ ನಿಂತ ದೊಡ್ಡವರು ಬಾಯಿಗೆ ಬಂದದ್ದು ಬೈಯುತ್ತಾರೆ. ಹೋದ ತಿಂಗಳು ಒಬ್ಬರು ಪಂದ್ಯ ಮುಗಿದ ಮೇಲೆ ನನ್ನ ಬೈಕ್ ಹತ್ತಿರ ಬಂದು ಕಾಯುತ್ತಾ ನಿಂತಿದ್ದರು. ಅವರ ಮಗ ಅವರ ಶರ್ಟ್ ಹಿಡಿದು 'ಬಾ ಅಪ್ಪಾ, ಬಾ ಅಪ್ಪಾ' ಅಂತ ಎಳೆಯುತ್ತಿದ್ದ. ಆ ಹುಡುಗ ಅವತ್ತು ಎರಡು ಗೋಲ್ ಹೊಡೆದಿದ್ದ. ಅವನ ಮುಖದಲ್ಲಿ ಅದರ ಸುಳಿವೇ ಇರಲಿಲ್ಲ.

ಇಂಗ್ಲೆಂಡ್‌ನಲ್ಲಿ 2008ರಿಂದ 'ರೆಸ್ಪೆಕ್ಟ್' ಅಂತ ಕಾರ್ಯಕ್ರಮ ಇದೆ. ಮಕ್ಕಳ ಪಂದ್ಯದಲ್ಲಿ ನೋಡುವವರು ಮೈದಾನದ ಗೆರೆಗೆ ಬರದ ಹಾಗೆ ದೂರದಲ್ಲಿ ಇನ್ನೊಂದು ಗೆರೆ ಹಾಕುತ್ತಾರೆ. ಮೌನವಾಗಿ ನೋಡುವ ವಾರಾಂತ್ಯ ಅಂತಲೂ ಮಾಡಿದ್ದಾರೆ. ಅಪ್ಪ ಅಮ್ಮ ಚಪ್ಪಾಳೆ ಹೊಡೆಯಬಹುದು, ಮಾತಾಡುವ ಹಾಗಿಲ್ಲ. ನಾವೂ ಒಂದು ಸಲ ಅದನ್ನು ಮಾಡಿ ನೋಡಿದೆವು. ಮೊದಲ ಹತ್ತು ನಿಮಿಷ ಮಕ್ಕಳಿಗೂ ವಿಚಿತ್ರ ಅನಿಸಿತು. ಆಮೇಲೆ ಅವರೇ ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳೋಕೆ ಶುರು ಮಾಡಿದರು, 'ನಿನ್ನ ಹಿಂದೆ ಇದ್ದಾನೆ', 'ಇಲ್ಲಿಗೆ ಕೊಡು' ಅಂತ. ಅಷ್ಟು ದಿನ ಆ ಮಾತಿಗೆ ಜಾಗವೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಹಳೇ ಕೋಚ್
ತಮ್ಮಾ, ಬೈಕ್ ಹತ್ತಿರ ಬಂದು ನಿಲ್ಲುವವರಿದ್ದರೆ ಒಬ್ಬನೇ ಹೋಗಬೇಡ. ಆಯೋಜಕರಿಗೆ ಬರೆದು ಕೊಡು. ಬಾಯಿಮಾತಲ್ಲಿ ಬಿಡಬೇಡ.

ಬೆಳ್ಳಂಬೆಳಗ್ಗೆ
ಇದು ಹುಡುಗಾಟ ಅಲ್ಲ. 2000ದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಕ್ಕಳ ಐಸ್ ಹಾಕಿ ಅಭ್ಯಾಸದ ದಿನ ಇಬ್ಬರು ಅಪ್ಪಂದಿರ ನಡುವೆ ಜಗಳ ಆಗಿ ಒಬ್ಬರು ಸತ್ತೇ ಹೋದರು. ಟೂರ್ನಮೆಂಟ್ ಕೂಡ ಅಲ್ಲ, ಅಭ್ಯಾಸ. ಮಕ್ಕಳು ಅಲ್ಲೇ ಇದ್ದರು.

ಫ್ರಾನ್ಸ್‌ನಲ್ಲಿ ಇನ್ನೂ ಕೆಟ್ಟದ್ದು. ಒಬ್ಬ ಅಪ್ಪ ಟೆನಿಸ್ ಆಡುವ ತನ್ನ ಮಗ ಮಗಳು ಗೆಲ್ಲಲಿ ಅಂತ ಎದುರಾಳಿಗಳ ನೀರಿನ ಬಾಟಲಿಗೆ ಮಂಪರು ಬರಿಸುವ ಔಷಧಿ ಹಾಕುತ್ತಿದ್ದ. 2000ದಿಂದ 2003ರ ತನಕ. 25 ವರ್ಷದ ಒಬ್ಬ ಆಟಗಾರ ಪಂದ್ಯ ಮುಗಿಸಿ ಕಾರು ಓಡಿಸಿಕೊಂಡು ಹೋಗುವಾಗ ಅಪಘಾತದಲ್ಲಿ ತೀರಿಕೊಂಡ. 2006ರಲ್ಲಿ ಕೋರ್ಟ್ ಆ ಅಪ್ಪನಿಗೆ 8 ವರ್ಷ ಜೈಲು ಕೊಟ್ಟಿತು. ಅವನ ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ಅವರು ಗೆದ್ದ ಮ್ಯಾಚ್‌ಗಳಲ್ಲಿ ಯಾವುದು ನಿಜವಾದ ಗೆಲುವು ಅಂತ ಅವರು ಹೇಗೆ ತಿಳಿದುಕೊಳ್ಳಬೇಕು?

ಗುರಿ ಒಂದೇ
ಅದು ಅಪರಾಧ. ಅದನ್ನೂ ಮಗಳ ಮ್ಯಾಚಿಗೆ ಅಂಗೈ ಬೆವರುವ ಅಪ್ಪನನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಬೆಳ್ಳಂಬೆಳಗ್ಗೆ
ಇಡುತ್ತಿಲ್ಲ. ಆದರೆ ಅವನೂ ಒಂದು ದಿನ ಸುಮ್ನೆ ಗ್ಯಾಲರಿಯಲ್ಲಿ ಕೂತು 'ಛೆ' ಅಂದವನೇ ಇರಬೇಕಲ್ವಾ?

ಅಮ್ಮನೇ ಡ್ರೈವರ್
ಸರ್, ಈ ಮಾತು ಜಾಸ್ತಿ ಆಯಿತು. ಕೇಳಿಕೊಂಡು ಬಂದವರನ್ನು ಹೆದರಿಸಬೇಡಿ.

ಬೆಳ್ಳಂಬೆಳಗ್ಗೆ
ಸರಿ. @ಗ್ಯಾಲರಿ ಮೂಲೆ, ಕ್ಷಮಿಸಿ. ನಿಮ್ಮ ಬಗ್ಗೆ ಹೇಳಿದ್ದಲ್ಲ.

ಮಂಡಿ ಮಾತು
ಫಿಸಿಯೋಥೆರಪಿಸ್ಟ್ ನಾನು. ಮನಸ್ಸಿನ ವಿಷಯ ನಿಮಗೆ ಬಿಟ್ಟೆ, ಮೈ ವಿಷಯ ಹೇಳುತ್ತೇನೆ. 10ರಿಂದ 15ರ ನಡುವಿನ ಮಕ್ಕಳು ಮಂಡಿ ಕೆಳಗೆ ನೋವು ಅಂತ ಬರುತ್ತಾರೆ. ಎತ್ತರ ಬೆಳೆಯುವ ವಯಸ್ಸು. ಮಂಡಿ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮೂಳೆಯ ಬೆಳೆಯುವ ಜಾಗವನ್ನು ಎಳೆದು ಎಳೆದು ಅಲ್ಲಿ ಗಂಟಿನ ಹಾಗೆ ಊದಿಕೊಳ್ಳುತ್ತದೆ. ಆಟ ಕಡಿಮೆ ಮಾಡಿದರೆ ಸಾಮಾನ್ಯವಾಗಿ ತಾನಾಗೇ ಸರಿ ಹೋಗುವ ತೊಂದರೆ. ಆದರೆ ಆಟ ಕಡಿಮೆ ಮಾಡಿ ಅಂದರೆ ಅಪ್ಪ ಅಮ್ಮನ ಮುಖ ಬಾಡುತ್ತದೆ. 'ಮುಂದಿನ ತಿಂಗಳು ಟೂರ್ನಮೆಂಟ್ ಇದೆ ಡಾಕ್ಟ್ರೇ' ಅನ್ನುತ್ತಾರೆ. ಮಗು ಅವರನ್ನು ನೋಡಿ, ನನ್ನನ್ನು ನೋಡಿ, 'ಅಷ್ಟೇನೂ ನೋವಿಲ್ಲ' ಅನ್ನುತ್ತದೆ. ಬೆರಳಿಟ್ಟು ಒತ್ತಿದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ ಸರಳವಾಗಿದೆ. ವಾರಕ್ಕೆ ಒಂದೆರಡು ದಿನ ರಜೆ. ವರ್ಷದಲ್ಲಿ ಒಟ್ಟು 3 ತಿಂಗಳು, ಒಂದೊಂದು ತಿಂಗಳಿನ ಹಾಗೆ, ಆ ಆಟದಿಂದ ಪೂರ್ತಿ ಬಿಡುವು. 15-16 ವರ್ಷ ಆಗುವ ತನಕ ಒಂದೇ ಆಟಕ್ಕೆ ಅಂಟಿಸದಿದ್ದರೆ ಒಳ್ಳೆಯದು. ಆ ಬಿಡುವಿನ ತಿಂಗಳಲ್ಲಿ ಮಗು ಸೈಕಲ್ ಹೊಡೆಯಲಿ, ಈಜಲಿ, ಮರ ಹತ್ತಲಿ.

ಕಪ್ಪು ಕುದುರೆ
ನಮ್ಮದು ಚೆಸ್. ಮಂಡಿ ನೋವಿಲ್ಲ, ಉಳಿದಿದ್ದೆಲ್ಲ ಇದೆ. ಮಗ ಒಳಗೆ ಆಡುತ್ತಾನೆ, ನಮ್ಮನ್ನು ಹಾಲ್ ಒಳಗೆ ಬಿಡುವುದಿಲ್ಲ. ನಾಲ್ಕು ಗಂಟೆ ಹೊರಗೆ ಕೂರಬೇಕು. ಬಾಗಿಲು ತೆಗೆದಾಗಲೆಲ್ಲ ಮೂವತ್ತು ಜನ ಅಪ್ಪ ಅಮ್ಮ ಒಟ್ಟಿಗೆ ಎದ್ದು ನಿಲ್ಲುತ್ತೇವೆ.

ಸಂಜೆ ಓಟ
ಚೆಸ್ ಕ್ರೀಡೆನಾ?

ಕಪ್ಪು ಕುದುರೆ
ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚೆಸ್ ಒಕ್ಕೂಟಕ್ಕೆ 1999ರಲ್ಲೇ ಮಾನ್ಯತೆ ಕೊಟ್ಟಿದೆ. ಏಷ್ಯನ್ ಗೇಮ್ಸ್‌ನಲ್ಲೂ ಆಡಿಸಿದ್ದಾರೆ. ಇನ್ನೇನು ಬೇಕು?

ಸಂಜೆ ಓಟ
ಬೆವರು ಬರಬೇಕು ಅಂತ ನನ್ನ ಅನಿಸಿಕೆ 🙂

ಕಪ್ಪು ಕುದುರೆ
ಒಂದು ಟೂರ್ನಮೆಂಟ್‌ಗೆ ಬನ್ನಿ, ಐದನೇ ಗಂಟೆಯಲ್ಲಿ ಮಕ್ಕಳ ಶರ್ಟ್ ಮುಟ್ಟಿ ನೋಡಿ.

ವಿಷಯಕ್ಕೆ ಬರುತ್ತೇನೆ. 2023ರ ವಿಶ್ವಕಪ್ ಹೊತ್ತಿಗೆ ಬಾಕುನಲ್ಲಿ ಪ್ರಜ್ಞಾನಂದ ಅವರ ಅಮ್ಮ ಮೂಲೆಯಲ್ಲಿ ನಿಂತು ಮಗನನ್ನು ನೋಡುತ್ತಿದ್ದ ಫೋಟೊ ಎಲ್ಲರಿಗೂ ನೆನಪಿರಬೇಕು. ಆ ಮುಖದಲ್ಲಿ ಇರುವುದೂ ಭಾವನೆಯೇ ಅಲ್ವಾ? ತಾಯಿ ಅಂದಮೇಲೆ ಇದ್ದೇ ಇರುತ್ತದೆ. ಆದರೆ ಆ ಫೋಟೊದಲ್ಲಿ ಅವರು ಬೋರ್ಡ್ ನೋಡುತ್ತಿಲ್ಲ, ಮಗನನ್ನು ನೋಡುತ್ತಿದ್ದಾರೆ. ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಬಿಟ್ಟ ಕೆಲಸ
ಇಷ್ಟೆಲ್ಲ ಓದಿದೆ. ಎಲ್ಲ ಸರಿ. ಆದರೆ ಒಂದು ಮಾತು ಯಾರೂ ಆಡಲಿಲ್ಲ. ಮಗಳ ಟೆನಿಸ್‌ಗಾಗಿ ನಾನು ಕೆಲಸ ಬಿಟ್ಟೆ. ಗಂಡ ಎರಡು ಕಡೆ ದುಡಿಯುತ್ತಾರೆ. ದೊಡ್ಡ ಮಗ ಸಂಜೆ ಒಬ್ಬನೇ ಮನೆಯಲ್ಲಿರುತ್ತಾನೆ. ನಮ್ಮ ಹಬ್ಬ, ಮದುವೆ, ರಜೆ ಎಲ್ಲ ಟೂರ್ನಮೆಂಟ್ ಪಟ್ಟಿ ನೋಡಿ ತೀರ್ಮಾನ ಆಗುತ್ತದೆ. ಇಷ್ಟು ಸುರಿದ ಮೇಲೆ 'ಗೆದ್ದರೂ ಸರಿ ಸೋತರೂ ಸರಿ' ಅಂತ ನಗುತ್ತಾ ಕೂರು ಅಂದರೆ ಹೇಗೆ ಕೂರಲಿ? ನಾನು ನಿಜವಾಗಿ ಕೇಳುತ್ತಿದ್ದೇನೆ. ಗುಕೇಶ್ ಅವರ ಅಪ್ಪ ವೈದ್ಯ ವೃತ್ತಿ ಪಕ್ಕಕ್ಕಿಟ್ಟು ಮಗನ ಜೊತೆ ತಿರುಗಿದರು, ಮಗ 2024ರಲ್ಲಿ 18ಕ್ಕೇ ಚೆಸ್ ವಿಶ್ವ ಚಾಂಪಿಯನ್ ಆದ. ಎಲ್ಲರೂ ಅವರನ್ನು ಹೊಗಳುತ್ತಾರೆ. ನನ್ನ ಮಗಳು ಆಗದಿದ್ದರೆ ನಾನು ಹುಚ್ಚಿ, ಅಷ್ಟೇ ತಾನೆ?

ನೀರಿನ ಮೀನು
ಹುಚ್ಚಿ ಅಲ್ಲ. ದಯವಿಟ್ಟು ಹಾಗೆ ಅನ್ನಬೇಡಿ. ಒಂದೇ ಒಂದು ಪ್ರಶ್ನೆ ಕೇಳಲಾ? ನೀವು ಕೆಲಸ ಬಿಟ್ಟ ವಿಷಯ ಮಗಳಿಗೆ ಹೇಗೆ ಗೊತ್ತು? 'ನಿನಗೋಸ್ಕರ ಬಿಟ್ಟೆ' ಅಂತಾನಾ?

ಬಿಟ್ಟ ಕೆಲಸ
ಹೌದು. ಸಿಟ್ಟು ಬಂದಾಗ ಹೇಳಿದ್ದೇನೆ. ಒಂದು ಸಲ ಅಲ್ಲ.

ನೀರಿನ ಮೀನು
ಅದು ಮಗುವಿನ ಹೆಗಲ ಮೇಲಿನ ಸಾಲ ಆಗುತ್ತದೆ. ನೀವು ಬಿಟ್ಟದ್ದು ನಿಮ್ಮ ತೀರ್ಮಾನ, ನಿಮ್ಮಿಬ್ಬರದು. ಅವಳು ಕೇಳಿರಲಿಲ್ಲ. ಸೋತಾಗಲೆಲ್ಲ ಅವಳು ಅಮ್ಮನ ಕೆಲಸವನ್ನೂ ಸೋತ ಹಾಗೆ. ಒಂದು ದಿನ ಕೂರಿಸಿಕೊಂಡು 'ಅದು ನಾನು ಇಷ್ಟಪಟ್ಟು ಮಾಡಿದ್ದು, ನೀನು ವಾಪಸ್ ಕೊಡಬೇಕಾಗಿದ್ದು ಏನೂ ಇಲ್ಲ' ಅಂತ ಹೇಳಿ ನೋಡಿ. ನಮ್ಮಪ್ಪ ನನಗೆ ಅಷ್ಟು ಹೇಳಿದ್ದರೆ ಸಾಕಿತ್ತು.

ಬಿಟ್ಟ ಕೆಲಸ
ಪ್ರಯತ್ನ ಮಾಡುತ್ತೇನೆ. ಹೇಳೋಕೆ ಮೊದಲು ಅದು ನಿಜ ಅಂತ ನನಗೇ ಅನಿಸಬೇಕು, ಅದಕ್ಕೆ ಸ್ವಲ್ಪ ದಿನ ಬೇಕು.

ಅಂಕಿಅಂಶ
ನಾರ್ವೆ ಬಗ್ಗೆ ಹೇಳಲೇಬೇಕು. ಅಲ್ಲಿ ಮಕ್ಕಳ ಕ್ರೀಡೆಗೆ 1987ರಿಂದ ಬೇರೆಯೇ ನಿಯಮ ಇದೆ. 11 ವರ್ಷಕ್ಕೆ ಮೊದಲು ರ‍್ಯಾಂಕಿಂಗ್ ಇಲ್ಲ, ಫಲಿತಾಂಶದ ಪಟ್ಟಿ ಹಾಕುವ ಹಾಗಿಲ್ಲ. 13ರ ತನಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಎಷ್ಟು ಆಡಬೇಕು ಅನ್ನುವುದರಲ್ಲಿ ಮಗುವಿನ ಮಾತಿಗೂ ಬೆಲೆ. ಸುಮಾರು 50 ಲಕ್ಷ ಜನರ ದೇಶ. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಎಲ್ಲರಿಗಿಂತ ಮೇಲಿತ್ತು.

ಗುರಿ ಒಂದೇ
ಹಿಮದ ದೇಶ, ಹಿಮದ ಆಟ ಗೆಲ್ಲುತ್ತಾರೆ. ಅದಕ್ಕೂ ರ‍್ಯಾಂಕಿಂಗ್‌ಗೂ ಏನು ಸಂಬಂಧ?

ಅಂಕಿಅಂಶ
400 ಮೀಟರ್ ಹರ್ಡಲ್ಸ್‌ನಲ್ಲಿ 45.94 ಸೆಕೆಂಡ್‌ನ ವಿಶ್ವದಾಖಲೆ ಮಾಡಿದ ಕಾರ್ಸ್ಟನ್ ವಾರ್‌ಹೋಮ್ ನಾರ್ವೆಯವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಬೀಚ್ ವಾಲಿಬಾಲ್ ಚಿನ್ನವೂ ನಾರ್ವೆಗೇ ಹೋಯಿತು. ಅದರಲ್ಲಿ ಹಿಮ ಎಲ್ಲಿದೆ?

ಮತ್ತೆ ಈ ಸಣ್ಣ ವಯಸ್ಸಿನ ರ‍್ಯಾಂಕಿಂಗ್ ಎಷ್ಟು ಮೋಸ ಅಂದರೆ, 1985ರಲ್ಲೇ ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದವರಿಗೆ ಜನವರಿ, ಫೆಬ್ರುವರಿ, ಮಾರ್ಚ್‌ನವರೇ ಜಾಸ್ತಿ ಸಿಕ್ಕರು. ಕಾರಣ, ಅಲ್ಲಿ ವಯಸ್ಸಿನ ಗುಂಪು ಜನವರಿ 1ಕ್ಕೆ ಶುರು. ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರ್ ಮಗುವಿಗಿಂತ ಹೆಚ್ಚೂಕಡಿಮೆ ಒಂದು ವರ್ಷ ದೊಡ್ಡದು. ಹತ್ತನೇ ವಯಸ್ಸಿನಲ್ಲಿ ಆ ಒಂದು ವರ್ಷ ಬೆಟ್ಟದಷ್ಟು. ಅದನ್ನೇ ಪ್ರತಿಭೆ ಅಂದುಕೊಳ್ಳುತ್ತೇವೆ.

ಹಳೇ ಕೋಚ್
ಇದನ್ನು ನೂರು ಸಲ ನೋಡಿದ್ದೇನೆ. 11ರಲ್ಲಿ ಎಲ್ಲರನ್ನೂ ಸೋಲಿಸುವ ಎತ್ತರದ ಮಗು 15ರಲ್ಲಿ ಉಳಿದವರು ಎತ್ತರ ಆದಾಗ ಕಂಗಾಲಾಗುತ್ತದೆ. ಇನ್ನು ಕೆಲವರು ಆ ಲಾಭಕ್ಕೆ ಮಗುವಿನ ವಯಸ್ಸನ್ನೇ ತಿದ್ದುತ್ತಾರೆ. 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಇದರ ವಿರುದ್ಧ ಖಡಕ್ಕಾಗಿಯೇ ಮಾತಾಡಿದರು. ಆಟ ಕಲಿಯುವ ಮೊದಲೇ ಮಗು ಸುಳ್ಳು ಕಲಿಯುತ್ತದೆ, ಕಲಿಸಿದವರು ಮನೆಯವರೇ.

ಗುರಿ ಒಂದೇ
ವಯಸ್ಸಿನ ಮೋಸದ ವಿಷಯದಲ್ಲಿ ನಿಮ್ಮ ಜೊತೆ ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ಮಗ ಅಂಥವರ ಎದುರು ಆಡಿ ಸೋತಿದ್ದಾನೆ.

ಹದಿನೈದು
ನಾನು ಕಬಡ್ಡಿ ಆಡುತ್ತೇನೆ. ನನ್ನ ಯೂಸರ್‌ನೇಮೇ ನನ್ನ ವಯಸ್ಸು. ದೊಡ್ಡವರೆಲ್ಲ ಮಾತಾಡುತ್ತಿದ್ದೀರಿ, ನಾನೂ ಹೇಳಬಹುದಾ?

ಅಪ್ಪ ಬರದಿದ್ದರೆ ನನಗೆ ಬೇಜಾರಾಗುತ್ತದೆ. ಬಂದರೆ ಭಯ ಆಗುತ್ತದೆ. ಎರಡೂ ನಿಜ. ರೇಡ್‌ಗೆ ಹೋಗುವಾಗ 'ಬೋನಸ್ ತಗೋ, ಬೋನಸ್ ತಗೋ' ಅಂತ ಕೂಗುತ್ತಾರೆ. ಎದುರಿಗೆ ಐದೇ ಜನ ಇರುತ್ತಾರೆ. ಆರು ಜನ ಇಲ್ಲದೆ ಬೋನಸ್ ಇಲ್ಲ ಅಂತ ಎಷ್ಟು ಸಲ ಹೇಳಿದರೂ ಮರೆಯುತ್ತಾರೆ. ಆದರೆ ಮ್ಯಾಚ್ ಆದಮೇಲೆ ಗಾಡಿಯಲ್ಲಿ ಹೋಗುವಾಗ ಅವರು ಕೂಡಲೇ ಶುರು ಮಾಡುತ್ತಾರಲ್ಲ, 'ಆ ರೇಡ್‌ನಲ್ಲಿ ನೀನು...' ಅಂತ, ಅದೇ ಎಲ್ಲಕ್ಕಿಂತ ಕಷ್ಟ. ತಪ್ಪು ಮಾಡಿದ್ದು ನನಗೆ ಗೊತ್ತಿರುತ್ತದೆ. ಕೋಚ್ ಆಗಲೇ ಹೇಳಿರುತ್ತಾರೆ. ಹಸಿವಾಗಿರುತ್ತದೆ. ಸುಮ್ನೆ ಹಿಂದೆ ಕೂತು ಗಾಳಿಗೆ ಹೋಗಬೇಕು ಅನಿಸುತ್ತದೆ.

ಅಮ್ಮನೇ ಡ್ರೈವರ್
ಪುಟ್ಟಾ, ಇದನ್ನು ನಿಮ್ಮಪ್ಪನಿಗೆ ಹೇಳಿದ್ದೀಯಾ?

ಹದಿನೈದು
ಇಲ್ಲ. ಅವರು ಬರೋದೇ ಬಿಟ್ಟುಬಿಟ್ಟರೆ?

ಗುರಿ ಒಂದೇ
ಮಗೂ, ನಾನೂ ಗಾಡಿಯಲ್ಲಿ ಶುರು ಮಾಡುವ ಅಪ್ಪನೇ. ನಿನ್ನ ಈ ಮಾತನ್ನು ಎರಡು ಸಲ ಓದಿದೆ. ನನ್ನ ಮಗ ಇದನ್ನು ಹೇಳಿದ್ದರೆ ನಾನು ಬರುವುದನ್ನು ಬಿಡುತ್ತಿರಲಿಲ್ಲ, ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹೇಳು. ನಿಮ್ಮಪ್ಪನೂ ಹಾಗೇ ಮಾಡುತ್ತಾರೆ ಅಂತ ನನಗನಿಸುತ್ತದೆ.

ಹಳೇ ಕೋಚ್
ಗಾಡಿಯ ಮಾತು ಬಂತಲ್ಲ, ಒಂದು ರೂಢಿ ಹೇಳುತ್ತೇನೆ. ಮಗು ತಾನಾಗೇ ಎತ್ತುವ ತನಕ ಮ್ಯಾಚಿನ ಸುದ್ದಿ ಎತ್ತಬೇಡಿ. ಎತ್ತದಿದ್ದರೆ ಅವತ್ತು ಆ ಮಾತೇ ಇಲ್ಲ. ಹೇಳಲೇಬೇಕು ಅನಿಸಿದರೆ 'ನೀನು ಆಡೋದು ನೋಡೋಕೆ ಖುಷಿಯಾಯ್ತು' ಅಷ್ಟೇ. ಅದರ ಹಿಂದೆ 'ಆದರೆ' ಸೇರಿಸಬೇಡಿ.

ಗ್ಯಾಲರಿ ಮೂಲೆ
ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಮಗಳನ್ನು ಕೂರಿಸಿಕೊಂಡು ನೇರವಾಗಿ ಕೇಳಿದೆ, ಮ್ಯಾಚಿಗೆ ನಾನು ಬರಲಾ ಬೇಡವಾ ಅಂತ. ಸ್ವಲ್ಪ ಯೋಚಿಸಿ 'ಬಾ, ಆದ್ರೆ ಮೊಬೈಲ್ ಎತ್ಬೇಡ' ಅಂದಳು. ವಿಡಿಯೊ ತೆಗೆಯುತ್ತಿದ್ದರೆ ತಪ್ಪೆಲ್ಲ ಮನೆಗೆ ಬರುತ್ತದೆ ಅನಿಸುತ್ತದಂತೆ. ಎಲ್ಲಿ ಕೂರಲಿ ಅಂದೆ. ಅವಳೇ ಜಾಗ ತೋರಿಸಿದಳು, ಕೋರ್ಟ್‌ನ ಪಕ್ಕಕ್ಕೆ, ಆಡುವಾಗ ನೇರ ಕಣ್ಣಿಗೆ ಬೀಳದ ಕಡೆ.

ಬ್ಯಾಗ್ ಅವಳಿಗೆ ಕೊಟ್ಟೆ. ಮೊದಲ ದಿನ ನೀರಿನ ಬಾಟಲಿ ಮರೆತಳು. ಯಾರದೋ ಬಾಟಲಿಯಲ್ಲಿ ಕುಡಿದಳು. ಅಲಾರಂ ಅವಳೇ ಇಟ್ಟುಕೊಳ್ಳಬೇಕು ಅಂದಾಗಿನಿಂದ ಮೂರು ದಿನ ಎದ್ದಿಲ್ಲ. ನಾನು ಎದ್ದು ಅಡುಗೆಮನೆಯಲ್ಲಿ ಕತ್ತಲಲ್ಲಿ ಕೂತಿರುತ್ತಿದ್ದೆ. ಎಬ್ಬಿಸದೆ ಇರುವುದು ಎಷ್ಟು ಕಷ್ಟ ಅಂತ ಹೇಗೆ ಹೇಳಲಿ. ಮೂರನೇ ದಿನ ಅವಳ ರೂಮಿನ ಬಾಗಿಲ ತನಕ ಹೋಗಿ ಕೈ ಚಿಲಕದ ಮೇಲಿಟ್ಟು ವಾಪಸ್ ಬಂದೆ.

ಇವತ್ತು ಮ್ಯಾಚ್ ಇತ್ತು. ಅವಳು ಮೊದಲ ಹತ್ತು ಪಾಯಿಂಟ್ ತನಕ ನಾನು ಮೊದಲು ಕೂರುತ್ತಿದ್ದ ಕಡೆ ತಿರುಗಿ ನೋಡುತ್ತಿದ್ದಳು. ಅಲ್ಲಿ ಯಾರೋ ಬೇರೆಯವರಿದ್ದರು. ಆಮೇಲೆ ಬಿಟ್ಟಳು. ಎರಡನೇ ಗೇಮ್‌ನಲ್ಲಿ ಒಂದು ಡ್ರಾಪ್ ಹಾಕಿ ತನಗೆ ತಾನೇ ನಕ್ಕಳು. ಆ ನಗು ನಾನು ನೋಡಿ ವರ್ಷವೇ ಆಗಿತ್ತೇನೋ. ಯಾರಿಗೂ ತೋರಿಸೋಕೆ ನಕ್ಕದ್ದಲ್ಲ.

ನೀರಿನ ಮೀನು
ಇದನ್ನು ಓದೋಕೆ ಕಾಯುತ್ತಿದ್ದೆ. ಬಾಗಿಲ ತನಕ ಹೋಗಿ ವಾಪಸ್ ಬಂದಿರಲ್ಲ, ಅದಕ್ಕೆ ನಿಮಗೆ ನಮಸ್ಕಾರ.

ಹದಿನೈದು
ನಾನೂ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನ ಬಂದರು. ದೂರ ನಿಂತಿದ್ದರು. ಬೋನಸ್ ಅಂತ ಒಂದೇ ಸಲ ಕೂಗಿದರು, ಅವತ್ತು ನಿಜವಾಗಿ ಆರು ಜನ ಇದ್ದರು.

ಸಂಜೆ ಓಟ
@ಗ್ಯಾಲರಿ ಮೂಲೆ, ಕೊನೆಗೆ ಗೆದ್ದಳಾ ಸೋತಳಾ?

ಅಮ್ಮನೇ ಡ್ರೈವರ್
ಇಷ್ಟೆಲ್ಲ ಆದಮೇಲೆ ಅದನ್ನೇ ಕೇಳಬೇಕಾ?

ಗ್ಯಾಲರಿ ಮೂಲೆ
ಕೇಳಿದ್ದರಲ್ಲಿ ತಪ್ಪಿಲ್ಲ ಬಿಡಿ. ಸೋತಳು, ಮೂರು ಗೇಮ್ ಆಡಿ. ಸ್ಕೋರ್ ನನಗೆ ಬಾಯಿಪಾಠ ಇದೆ, ಅದು ಅಷ್ಟು ಬೇಗ ಹೋಗಲ್ಲ. ಕಾರಿನಲ್ಲಿ ಅವಳು ಎದುರಾಳಿ ಹುಡುಗಿಯ ಬೆಕ್ಕಿನ ಬಗ್ಗೆ ಮಾತಾಡಿದಳು. ಮ್ಯಾಚ್ ಮುಗಿದ ಮೇಲೆ ಇಬ್ಬರೂ ಕೂತು ಹರಟಿದ್ದರಂತೆ. ಈಗ ಮಲಗಿದ್ದಾಳೆ. ಬಾಗಿಲು ಹಾಕೋಕೆ ಹೋದಾಗ ನೋಡಿದೆ, ತಲೆದಿಂಬಿನ ಪಕ್ಕ ಅವಳಮ್ಮನ ಹಳೇ ಗಡಿಯಾರ ಇಟ್ಟುಕೊಂಡಿದ್ದಾಳೆ. ಮುಳ್ಳು ಐದಕ್ಕೆ ತಿರುಗಿಸಿದೆ.

ಹಳೇ ಕೋಚ್
ನೀವು ತಿರುಗಿಸಿದಿರಾ, ಅವಳು ತಿರುಗಿಸಿದ್ದಾ?

ಗ್ಯಾಲರಿ ಮೂಲೆ
ಅವಳೇ ಸರ್. ಅವಸರದಲ್ಲಿ ತಪ್ಪು ಬರೆದೆ. ನಾನು ಮುಟ್ಟಿಲ್ಲ.